ರೋಗಿಯ ಕೈಗೆ ಬರುವ ಕಾಗದ ರೋಗಿಗೆ ಅರ್ಥವಾಗುವಂತಿರಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಗಳ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿಯೇ ಬರೆಯುವಂತಾಗಬೇಕು ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರವು 2024ರಲ್ಲಿ ಸರ್ಕಾರವನ್ನು ಕೋರಿದ ನಂತರ ಆ ಕುರಿತ ಚರ್ಚೆ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದೆ. ಆ ಕಾಳಜಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಜಿಲ್ಲಾ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೂ ವಾರ್ಡುಗಳಲ್ಲಿಯೂ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದ ನನಗೆ, ಈ ಚರ್ಚೆಯೆಲ್ಲ ಮುಖ್ಯವಲ್ಲದ ಕಾಗದದ ಸುತ್ತಲೇ ನಡೆಯುತ್ತಿದೆ ಎನಿಸುತ್ತದೆ. ಔಷಧ ಚೀಟಿಯನ್ನು ಓದಿ ಮಾತ್ರೆ ತೆಗೆದುಕೊಡುವವರು ಔಷಧ ಅಂಗಡಿಯವರು; ಮಾತ್ರೆಯ ಹೆಸರು ಅದರ ಪಟ್ಟಿಯ ಮೇಲೆ ಯಾವ ಅಕ್ಷರಗಳಲ್ಲಿದೆಯೋ ಅವೇ ಅಕ್ಷರಗಳಲ್ಲಿ, ಬಿಡಿಸಿ ಸ್ಪಷ್ಟವಾಗಿ ಚೀಟಿಯಲ್ಲಿದ್ದರೆ ತಪ್ಪು ಮಾತ್ರೆ ಕೈಸೇರುವ ಸಂಭವ ಕಡಿಮೆ. ರೋಗಿಯೇ ಓದಬೇಕಾದ, ಓದಿ ನಿರ್ಧಾರ ಮಾಡಬೇಕಾದ ಕಾಗದಗಳು ಬೇರೆ ಇವೆ. ಪರೀಕ್ಷೆಗೋ ಆಪರೇಷನ್‌ಗೋ ಮೊದಲು ಕೊಡುವ ಸೂಚನೆ, ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಮನೆಗೆ ಕಳುಹಿಸುವಾಗ ಕೈಗಿಡುವ ಡಿಸ್ಚಾರ್ಜ್ ಸಾರಾಂಶ, ಇವೇ ಆ ಕಾಗದಗಳು. ನಮ್ಮ ರಾಜ್ಯದ ಬಹಳಷ್ಟು ಆಸ್ಪತ್ರೆಗಳಲ್ಲಿ ಇವು ಇಂದಿಗೂ ಇಂಗ್ಲಿಷಿನಲ್ಲಿಯೇ, ಅದರಲ್ಲಿಯೂ ವೈದ್ಯರು ತಮ್ಮತಮ್ಮೊಳಗೆ ಬಳಸುವ ಸಂಕ್ಷಿಪ್ತ ಅಕ್ಷರಗಳಲ್ಲಿಯೇ ಇರುತ್ತವೆ. ಇದರಿಂದ ಆಗುವ ಹಾನಿ ಕೇವಲ ಭಾಷಾಭಿಮಾನಕ್ಕೆ ಸಂಬಂಧಿಸಿದ್ದಲ್ಲ, ಜನರ ದೇಹಕ್ಕೆ ಸಂಬಂಧಿಸಿದ್ದು. ಅದನ್ನು ಉದಾಹರಣೆಗಳೊಂದಿಗೆ ವಿವರಿಸುವುದು ಈ ಪತ್ರದ ಉದ್ದೇಶ.

ಮೂತ್ರಕಲ್ಲಿನ ಚಿಕಿತ್ಸೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಬಿಸಿಲ ನಾಡಿನ ನಮ್ಮ ಜಿಲ್ಲೆಗಳಲ್ಲಿ ಇದು ಬಹು ಸಾಮಾನ್ಯ. ಮೂತ್ರನಾಳದೊಳಗೆ ಸಣ್ಣ ದುರ್ಬೀನನ್ನು ತೂರಿಸಿ ಲೇಸರ್‌ನಿಂದ ಕಲ್ಲನ್ನು ಪುಡಿ ಮಾಡಿದ ಮೇಲೆ, ಊತದಿಂದ ನಾಳ ಮುಚ್ಚಿಕೊಳ್ಳದೆ ಮೂತ್ರ ಸರಾಗವಾಗಿ ಇಳಿಯಲೆಂದು ವೈದ್ಯರು ಅನೇಕ ಸಲ ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಒಂದು ತೆಳುವಾದ ಮೆದು ಕೊಳವೆಯನ್ನು ಒಳಗೇ ಬಿಟ್ಟಿರುತ್ತಾರೆ. ಎರಡೂ ತುದಿಗಳು ಕೊಕ್ಕೆಯಂತೆ ಸುರುಳಿಯಾಗಿರುವುದರಿಂದ ಅದಕ್ಕೆ ಡಿಜೆ, ಅಂದರೆ ಡಬಲ್ ಜೆ, ಸ್ಟೆಂಟ್ ಎಂದು ಹೆಸರು. ಅದನ್ನು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯಲೇಬೇಕು; ತೆಗೆಯುವ ಕೆಲಸ ಕೆಲವೇ ನಿಮಿಷಗಳದ್ದು. ಡಿಸ್ಚಾರ್ಜ್ ಸಾರಾಂಶದ ಎರಡನೆಯ ಪುಟದ ಕೆಳಗೆ ಈ ವಿಷಯವನ್ನು ಇಂಗ್ಲಿಷಿನಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತಾರೆ. ನೋವು ನಿಂತಿತು, ಕಲ್ಲು ಹೋಯಿತು ಎಂದು ಸಮಾಧಾನಗೊಂಡ ರೋಗಿ ಹೊಲದ ಕೆಲಸಕ್ಕೋ ಬೆಂಗಳೂರಿನ ಕೂಲಿಗೋ ಹಿಂದಿರುಗುತ್ತಾನೆ. ತಿಂಗಳುಗಳು ಉರುಳುತ್ತವೆ. ಒಳಗಿರುವ ಕೊಳವೆಯ ಮೇಲೆ ಮೂತ್ರದಲ್ಲಿನ ಲವಣಗಳು ಪದರ ಪದರವಾಗಿ ಕಟ್ಟಿಕೊಂಡು, ಕಲ್ಲು ತೆಗೆಯಲು ಹಾಕಿದ ವಸ್ತುವೇ ಹೊಸ ಕಲ್ಲಾಗುತ್ತದೆ, ಸೋಂಕು ತಗಲುತ್ತದೆ, ಮೂತ್ರ ಕಟ್ಟಿ ಮೂತ್ರಪಿಂಡವೇ ಕೆಲಸ ನಿಲ್ಲಿಸುವ ಹಂತಕ್ಕೂ ಹೋಗುತ್ತದೆ. ಹೀಗೆ ಮರೆತುಹೋದ ಸ್ಟೆಂಟ್‌ಗಳನ್ನು ಹೊತ್ತು ಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ನಿರ್ಲಕ್ಷ್ಯದ ಜನರಲ್ಲ. ತಮ್ಮ ಹೊಟ್ಟೆಯೊಳಗೆ ಒಂದು ಕೊಳವೆ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಕೆಲವರಿಗೆ ಸ್ಟೆಂಟ್ ಎಂಬ ಮಾತು ಕಿವಿಗೆ ಬಿದ್ದಿತ್ತು, ಆದರೆ ನೆಂಟರೊಬ್ಬರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿದ್ದನ್ನು ಬಲ್ಲ ಅವರು ಅದು ಒಳಗೇ ಇರಬೇಕಾದ ವಸ್ತು ಎಂದು ತಿಳಿದುಕೊಂಡಿದ್ದರು.

ಅವರ ತಿಳಿವಳಿಕೆಯಲ್ಲಿ ತಪ್ಪೇನಿಲ್ಲ, ಏಕೆಂದರೆ ಹೃದಯದ ಸ್ಟೆಂಟ್ ನಿಜಕ್ಕೂ ಒಳಗೇ ಉಳಿಯುವಂಥದ್ದು. ಅಲ್ಲಿ ಅಪಾಯ ಬೇರೆ ಬಗೆಯದು. ಕಿರಿದಾದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿ ಲೋಹದ ಜಾಲರಿಯನ್ನು ಕೂರಿಸಿದ ಮೇಲೆ, ಅದರ ಮೇಲೆ ರಕ್ತನಾಳದ ಒಳಪೊರೆ ಬೆಳೆದು ಮುಚ್ಚಿಕೊಳ್ಳುವವರೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ನುಂಗಬೇಕು. ಎಷ್ಟು ತಿಂಗಳು ಎಂಬುದನ್ನು ರೋಗಿಯ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಹೃದಯಾಘಾತವಾಗಿದ್ದವರಿಗೆ ಸಾಮಾನ್ಯವಾಗಿ ಒಂದು ವರ್ಷ. ಹಲ್ಲು ಕೀಳಿಸಬೇಕೆಂದೋ, ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆಂದೋ, ದುಡ್ಡಿಲ್ಲವೆಂದೋ ನಡುವೆ ನಿಲ್ಲಿಸಿದರೆ ಜಾಲರಿಯೊಳಗೇ ರಕ್ತ ಹೆಪ್ಪುಗಟ್ಟಿ ಹಠಾತ್ತನೆ ಹೃದಯಾಘಾತವಾಗಬಹುದು. ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಎಂಡೋಸ್ಕೋಪಿಯ ಮೂಲಕ ತೆಗೆಯುವ ಇಆರ್‌ಸಿಪಿ ಚಿಕಿತ್ಸೆಯಲ್ಲಿಯೂ ಒಂದು ಸ್ಟೆಂಟ್ ಹಾಕುವುದುಂಟು. ಪ್ಲಾಸ್ಟಿಕ್ಕಿನದಾದರೆ ಅದನ್ನು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತೆಗೆಯಬೇಕು ಅಥವಾ ಬದಲಿಸಬೇಕು. ಒಂದೇ ಹೆಸರಿನ ಮೂರು ವಸ್ತುಗಳಲ್ಲಿ ಒಂದನ್ನು ಮುಟ್ಟಬಾರದು, ಎರಡನ್ನು ತೆಗೆಸದೆ ಬಿಡಬಾರದು. ಈ ವ್ಯತ್ಯಾಸವನ್ನು ರೋಗಿಗೆ ತಿಳಿಸಲು ದೊಡ್ಡ ಗ್ರಂಥ ಬೇಕಿಲ್ಲ. "ನಿಮ್ಮ ದೇಹದೊಳಗೆ ಒಂದು ಕೊಳವೆ ಇದೆ. ಈ ತಾರೀಖಿನೊಳಗೆ ಬಂದು ತೆಗೆಸಿಕೊಳ್ಳಲೇಬೇಕು" ಎಂದು ಡಿಸ್ಚಾರ್ಜ್ ಸಾರಾಂಶದ ಮೊದಲ ಪುಟದ ಮೇಲ್ಭಾಗದಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಮುದ್ರಿಸಿ, ತಾರೀಖನ್ನು ಕೈಯಲ್ಲಿ ಬರೆದರೆ ಸಾಕು.

ದೇಹದಿಂದ ಏನನ್ನು ತೆಗೆದರು ಎಂಬುದೂ ರೋಗಿಗೆ ತಿಳಿಯದೆ ಹೋಗುತ್ತದೆ. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಆಪರೇಷನ್ ಮಾಡಿಸಿಕೊಂಡವರನ್ನು ಕೇಳಿ ನೋಡಿ, ಹಲವರು "ಕಲ್ಲು ತೆಗೆದರು" ಎಂದೇ ಹೇಳುತ್ತಾರೆ. ವಾಸ್ತವದಲ್ಲಿ ಕೋಲಿಸಿಸ್ಟೆಕ್ಟಮಿ ಎಂಬ ಆ ಶಸ್ತ್ರಚಿಕಿತ್ಸೆಯಲ್ಲಿ ಕಲ್ಲಿನೊಂದಿಗೆ ಇಡೀ ಪಿತ್ತಕೋಶವನ್ನೇ ತೆಗೆಯುತ್ತಾರೆ, ಏಕೆಂದರೆ ಚೀಲವನ್ನು ಉಳಿಸಿದರೆ ಅದರಲ್ಲಿ ಮತ್ತೆ ಕಲ್ಲು ಕಟ್ಟಿಕೊಳ್ಳುತ್ತದೆ. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ; ಆದ್ದರಿಂದ ಅದಿಲ್ಲದೆಯೂ ಆರೋಗ್ಯವಾಗಿ ಬದುಕಬಹುದು. ಇಷ್ಟು ಸರಳವಾದ, ಸಮಾಧಾನ ತರುವ ಮಾತನ್ನು ಮೊದಲೇ ಹೇಳದಿದ್ದರೆ, ಮುಂದೆ ಎಂದಾದರೂ ಸ್ಕ್ಯಾನಿಂಗ್ ವರದಿಯಲ್ಲಿ ಪಿತ್ತಕೋಶವಿಲ್ಲ ಎಂದು ಓದಿದ ಕುಟುಂಬಕ್ಕೆ ಯಾರೋ ತಮ್ಮ ಅಂಗವನ್ನು ಕದ್ದರು ಎಂಬ ಭಯ ಹುಟ್ಟುತ್ತದೆ. ಅದೇ ಕುಟುಂಬ ನಾಳೆ ನಿಜವಾಗಿ ಬೇಕಾದ ಚಿಕಿತ್ಸೆಗೂ ಹಿಂಜರಿಯುತ್ತದೆ.

ಕಾಗದದ ಮೇಲೆ ಹೆಚ್ಚುಕಡಿಮೆ ಒಂದೇ ರೀತಿ ಕಾಣುವ ಹೆಸರುಗಳು ಎಷ್ಟು ಬೇರೆ ಬೇರೆ ಅನುಭವಗಳನ್ನು ಸೂಚಿಸುತ್ತವೆ ಎಂಬುದನ್ನೂ ಇಲ್ಲಿ ಹೇಳಬೇಕು. ಸ್ಕೋಪಿ ಎಂದು ಕೊನೆಗೊಳ್ಳುವ ಹೆಸರಿದ್ದರೆ ದುರ್ಬೀನಿನಿಂದ ಒಳಗೆ ನೋಡುವುದು, ಎಕ್ಟಮಿ ಎಂದಿದ್ದರೆ ತೆಗೆದುಹಾಕುವುದು, ಆಟಮಿ ಎಂದಿದ್ದರೆ ಕೊಯ್ದು ತೆರೆಯುವುದು, ಆಸ್ಟಮಿ ಎಂದಿದ್ದರೆ ದಾರಿಯೊಂದನ್ನು ಮಾಡಿಕೊಡುವುದು, ಪ್ಲಾಸ್ಟಿ ಎಂದಿದ್ದರೆ ಸರಿಪಡಿಸಿ ಕಟ್ಟುವುದು. ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಗೂ, ಹೊಟ್ಟೆಯನ್ನು ಉದ್ದಕ್ಕೆ ತೆರೆಯುವ ಲ್ಯಾಪರಾಟಮಿಗೂ ರೋಗಿ ಆಸ್ಪತ್ರೆಯಲ್ಲಿರುವ ದಿನಗಳಲ್ಲಿ, ನೋವಿನಲ್ಲಿ, ಮತ್ತೆ ಕೆಲಸಕ್ಕೆ ಮರಳುವ ಅವಧಿಯಲ್ಲಿ ಬಹಳ ಅಂತರವಿದೆ. ಅಂಗಾಂಶಗಳು ಅಂಟಿಕೊಂಡಿದ್ದರೆ ಅಥವಾ ರಕ್ತಸ್ರಾವ ಹೆಚ್ಚಾದರೆ, ತೂತಿನಿಂದ ಆರಂಭಿಸಿದ ಆಪರೇಷನ್ನನ್ನು ಹೊಟ್ಟೆ ತೆರೆದು ಮುಗಿಸುವುದು ವೈದ್ಯರ ಸೋಲಲ್ಲ, ಅದು ರೋಗಿಯ ಜೀವ ಕಾಯುವ ವಿವೇಕ. ಒಪ್ಪಿಗೆ ಪತ್ರದಲ್ಲಿ ಈ ಸಾಧ್ಯತೆಯನ್ನು ಇಂಗ್ಲಿಷಿನಲ್ಲಿ ಬರೆದೇ ಇರುತ್ತಾರೆ. ರೋಗಿಗೆ ಮಾತ್ರ ಅದು ಎಚ್ಚರವಾದ ಮೇಲೆ, ಹೊಟ್ಟೆಯ ಮೇಲಿನ ಉದ್ದನೆಯ ಹೊಲಿಗೆಯನ್ನು ಮುಟ್ಟಿ ನೋಡಿದಾಗ ತಿಳಿಯುತ್ತದೆ.

ಕೊಲಾಸ್ಟಮಿಯ ವಿಷಯವಂತೂ ಇನ್ನೂ ಕಠಿಣ. ದೊಡ್ಡ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಹೊರಮೈಗೆ ತಂದು ಹೊಲಿದು, ಮಲವು ಅಲ್ಲಿಂದ ಚೀಲವೊಂದಕ್ಕೆ ಬೀಳುವಂತೆ ಮಾಡುವ ಈ ಶಸ್ತ್ರಚಿಕಿತ್ಸೆ ಕರುಳು ತೂತಾದಾಗ, ಕಟ್ಟಿಕೊಂಡಾಗ, ಗುದದ್ವಾರದ ಸಮೀಪದ ಕ್ಯಾನ್ಸರಿನಲ್ಲಿ ಜೀವ ಉಳಿಸುತ್ತದೆ. ಎಷ್ಟೋ ಸಲ ಅದು ತಾತ್ಕಾಲಿಕ. ಗಾಯ ಮಾಗಿದ ಮೇಲೆ ಕರುಳನ್ನು ಮತ್ತೆ ಒಳಗೆ ಜೋಡಿಸುತ್ತಾರೆ. ಇದನ್ನು ಮೊದಲೇ ತಿಳಿಸಿ, ಚೀಲವನ್ನು ತೋರಿಸಿ, ಅದನ್ನು ಬದಲಿಸುವ ವಿಧಾನ ಹೇಳಿಕೊಟ್ಟ ರೋಗಿ ಕೆಲವೇ ದಿನಗಳಲ್ಲಿ ಧೈರ್ಯ ತಂದುಕೊಳ್ಳುವುದನ್ನು ನಾನು ನೋಡಿದ್ದೇನೆ. ಏನನ್ನೂ ಹೇಳಿಸಿಕೊಳ್ಳದೆ ಎಚ್ಚರಗೊಂಡು ಹೊಟ್ಟೆಯ ಮೇಲೆ ಚೀಲವನ್ನು ಕಂಡವರು ಮಡದಿ ಮಕ್ಕಳಿಗೆ ಮುಖ ತೋರಿಸಲಾರದೆ ಗೋಡೆಯ ಕಡೆಗೆ ತಿರುಗಿ ಮಲಗಿದ್ದನ್ನೂ ನೋಡಿದ್ದೇನೆ. ಎರಡೂ ಕಡೆ ಕತ್ತರಿ, ಹೊಲಿಗೆ, ಔಷಧ ಎಲ್ಲವೂ ಒಂದೇ ಆಗಿದ್ದವು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಅಜ್ಞಾತತೆ ಅತ್ಯಂತ ಅನ್ಯಾಯದ ರೂಪ ತಾಳುತ್ತದೆ. ಹಳ್ಳಿಗಳಲ್ಲಿ "ಗರ್ಭಕೋಶ ತೆಗೆಸಿದ್ದೇನೆ" ಎನ್ನುವ ತಾಯಂದಿರು ಅನೇಕರು. ಅವರ ಅಂಡಾಶಯಗಳು ಉಳಿದಿವೆಯೇ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಡಿಸ್ಚಾರ್ಜ್ ಸಾರಾಂಶದಲ್ಲಿ ಟಿಎಎಚ್, ಬಿಎಸ್‌ಒ ಎಂಬ ಅಕ್ಷರಗಳಲ್ಲಿ ಆ ಉತ್ತರ ಅಡಗಿರುತ್ತದೆ: ಮೊದಲನೆಯದು ಹೊಟ್ಟೆ ಕೊಯ್ದು ಗರ್ಭಕೋಶವನ್ನು ಪೂರ್ತಿ ತೆಗೆಯುವುದು, ಎರಡನೆಯದು ಎರಡೂ ಕಡೆಯ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಯುವುದು. ಮುಟ್ಟು ತಾನಾಗಿ ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಅಂಡಾಶಯಗಳನ್ನು ತೆಗೆದರೆ ಹಾರ್ಮೋನು ಒಮ್ಮೆಗೇ ನಿಂತುಹೋಗಿ, ಮೈ ಬಿಸಿಯೇರುವುದು, ನಿದ್ರೆಗೆಡುವುದು ಮಾತ್ರವಲ್ಲದೆ ಮೂಳೆ ಸವೆತ ಮತ್ತು ಹೃದಯದ ತೊಂದರೆಗಳ ಸಂಭವವೂ ಹೆಚ್ಚುತ್ತದೆ. ಗರ್ಭಕೋಶದ ಕೊರಳನ್ನು ಉಳಿಸಿ ಉಳಿದ ಭಾಗವನ್ನಷ್ಟೇ ತೆಗೆದಿದ್ದರೆ, ಆ ಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಮುಂದೆಯೂ ಮಾಡಿಸುತ್ತಿರಬೇಕು. ಮೂವತ್ತೈದರ ಆಸುಪಾಸಿನ ಕೂಲಿ ಹೆಂಗಸೊಬ್ಬಳಿಗೆ ಬಿಳಿಸೆರಗಿಗೋ ಹೆಚ್ಚಿನ ಮುಟ್ಟಿಗೋ ಮಾತ್ರೆಯ ಚಿಕಿತ್ಸೆಯೂ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನವೂ ಇದೆ ಎಂದು ಯಾರಾದರೂ ಅವಳ ಮಾತಿನಲ್ಲಿ ಹೇಳಿದ್ದರೆ ಅವಳು ಬೇರೆ ನಿರ್ಧಾರ ಮಾಡುತ್ತಿದ್ದಳೇನೋ. ಬಿಹಾರ, ಛತ್ತೀಸಗಢ ಮತ್ತು ರಾಜಸ್ಥಾನಗಳಲ್ಲಿ ಬಡ ಮಹಿಳೆಯರಿಗೆ ಅನಗತ್ಯವಾಗಿ ನಡೆದ ಇಂಥ ಶಸ್ತ್ರಚಿಕಿತ್ಸೆಗಳ ಬಗ್ಗೆ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರಲ್ಲಿ ಎಲ್ಲ ರಾಜ್ಯಗಳೂ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಆದೇಶಿಸಿತು. ಮಾರ್ಗಸೂಚಿ ಎಷ್ಟೇ ಚೆನ್ನಾಗಿರಲಿ, ಸಹಿ ಹಾಕುವ ಹೆಣ್ಣಿಗೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ತಿಳಿಯದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಇದೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ನೀಡಿದ ಒಂದು ತೀರ್ಪಿನಲ್ಲಿ ಆಳವಾಗಿ ಪರಿಶೀಲಿಸಿದೆ. ಆ ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರು. ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು 1995ರಲ್ಲಿ ಸಹಿ ಮಾಡಿದ್ದ ಪತ್ರದಲ್ಲಿ, ಲ್ಯಾಪರೋಸ್ಕೋಪಿಯಿಂದ ನೋಡುವುದಕ್ಕೆ, ಅದರ ಮೂಲಕವೇ ಚಿಕಿತ್ಸೆ ಮಾಡುವುದಕ್ಕೆ, ಅಗತ್ಯ ಬಿದ್ದರೆ ಹೊಟ್ಟೆ ತೆರೆಯುವುದಕ್ಕೆ ಒಪ್ಪಿಗೆ ಇತ್ತು. ಅವರಿಗೆ ಅರಿವಳಿಕೆ ಕೊಟ್ಟು ಪರೀಕ್ಷೆ ನಡೆಯುತ್ತಿದ್ದಾಗ, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ, ಅಂಡನಾಳಗಳನ್ನೆಲ್ಲ ತೆಗೆಯಲಾಯಿತು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ವಯಸ್ಕಳೂ ಸ್ವಸ್ಥಚಿತ್ತಳೂ ಆದ ರೋಗಿಗೆ ಎಚ್ಚರವಾಗುವವರೆಗೆ ಕಾಯಬೇಕಾಗಿತ್ತು. ಅವಳ ಬದಲಿಗೆ ತಾಯಿ ಒಪ್ಪಿಗೆ ಕೊಡಲಾಗದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆಯ ಸ್ವರೂಪ ಮತ್ತು ಉದ್ದೇಶ, ಅದರಿಂದಾಗುವ ಪ್ರಯೋಜನ ಮತ್ತು ಪರಿಣಾಮ, ಬೇರೆ ಚಿಕಿತ್ಸೆಗಳಿದ್ದರೆ ಅವು, ಮುಖ್ಯವಾದ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಏನಾಗಬಹುದು, ಇಷ್ಟನ್ನು ರೋಗಿಗೆ ತಿಳಿಸಿದರೆ ಮಾತ್ರ ಒಪ್ಪಿಗೆ ಒಪ್ಪಿಗೆಯೆನಿಸುತ್ತದೆ ಎಂಬುದು ಆ ತೀರ್ಪಿನ ತಿರುಳು. ಅತಿ ವಿರಳವಾದ ಅಪಾಯಗಳನ್ನೆಲ್ಲ ಹೇಳಿ ರೋಗಿಯನ್ನು ಹೆದರಿಸಬೇಕಾಗಿಲ್ಲ ಎಂದೂ ಅದು ಸ್ಪಷ್ಟಪಡಿಸಿದೆ. ವೈದ್ಯರ ಕಷ್ಟವನ್ನೂ ಅರಿತು ಬರೆದ, ನ್ಯಾಯಸಮ್ಮತವಾದ ಅಳತೆಗೋಲು ಇದು ಎಂದು ನಾನು ಭಾವಿಸುತ್ತೇನೆ.

ವಾರ್ಡುಗಳಲ್ಲಿ ನಡೆಯುವುದು ಬೇರೆಯೇ. ಒಪ್ಪಿಗೆ ಪತ್ರಗಳ ಬಹುಪಾಲು ಕಾಗದ, ಏನೇ ಅನಾಹುತವಾದರೂ ಆಸ್ಪತ್ರೆಯಾಗಲಿ ವೈದ್ಯರಾಗಲಿ ಹೊಣೆಯಲ್ಲ ಎಂಬ ಮಾತಿಗೇ ಮೀಸಲಾಗಿರುತ್ತದೆ. ಕನ್ನಡದಲ್ಲಿ ಮುದ್ರಿಸಿದ ಪತ್ರಗಳಲ್ಲಿಯೂ ಹಲವೆಡೆ ಈ ಒಂದು ಮಾತನ್ನಷ್ಟೇ ಕನ್ನಡದಲ್ಲಿ ಹೇಳಿ, ಆಪರೇಷನ್ನಿನ ಹೆಸರು ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಸಹಿಯಾದ ಮೇಲೆ ಅಲ್ಲಿ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಸಹಿ ಹಾಕಿದರೆ ಮುಂದೆ ಪ್ರಶ್ನಿಸುವ ಹಕ್ಕೇ ಇಲ್ಲವೆಂದು ಜನ ನಂಬಿದ್ದಾರೆ. ಅದು ನಿಜವಲ್ಲ. ವೈದ್ಯರು ನಿರ್ಲಕ್ಷ್ಯ ತೋರಿದ್ದರೆ ಯಾವ ಒಪ್ಪಿಗೆ ಪತ್ರವೂ ಅದನ್ನು ಮುಚ್ಚಲಾರದು. ಇನ್ನು ಸಹಿ ಹಾಕಿಸಿಕೊಳ್ಳುವ ಹೊತ್ತು ಯಾವುದು? ಹಸಿರು ನಿಲುವಂಗಿ ತೊಡಿಸಿ, ಸ್ಟ್ರೆಚರಿನ ಮೇಲೆ ಮಲಗಿಸಿ, ಓಟಿಯ, ಅಂದರೆ ಶಸ್ತ್ರಚಿಕಿತ್ಸಾ ಕೊಠಡಿಯ, ಬಾಗಿಲಿಗೆ ತಂದ ಮೇಲೆ. ಅದೂ ರೋಗಿಯದ್ದಲ್ಲ, ಗಂಡನದ್ದೋ ಮಗನದ್ದೋ ಸಹಿ. ವಯಸ್ಸಿಗೆ ಬಂದ, ಎಚ್ಚರವಿರುವ ವ್ಯಕ್ತಿಯ ದೇಹಕ್ಕೆ ಸಂಬಂಧಿಸಿದ ಒಪ್ಪಿಗೆಯನ್ನು ಇನ್ನೊಬ್ಬರಿಂದ ಪಡೆಯುವ ಈ ವಾಡಿಕೆ ಇನ್ನಾದರೂ ನಿಲ್ಲಬೇಕು.

ಹೃದಯದ ಆಂಜಿಯೋಗ್ರಾಮ್ ಮಾಡುವಾಗ ಇದೇ ತೊಡಕು ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಮಣಿಕಟ್ಟಿನ ಅಥವಾ ತೊಡೆಸಂದಿನ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಹೃದಯದವರೆಗೆ ಸಾಗಿಸಿ, ಬಣ್ಣದ ದ್ರವ ಬಿಟ್ಟು, ಎಕ್ಸ್‌ರೇಯಲ್ಲಿ ರಕ್ತನಾಳಗಳ ಚಿತ್ರ ತೆಗೆಯುವುದಷ್ಟೇ ಆಂಜಿಯೋಗ್ರಾಮ್, ಅದು ಪರೀಕ್ಷೆ. ಅಲ್ಲಿಯೇ ಬಲೂನು ಹಿಗ್ಗಿಸಿ ಸ್ಟೆಂಟ್ ಕೂರಿಸುವುದು ಆಂಜಿಯೋಪ್ಲಾಸ್ಟಿ; ಅದು ಚಿಕಿತ್ಸೆ. ಹೃದಯಾಘಾತವಾಗಿ ಬಂದ ರೋಗಿಗೆ ಒಂದೊಂದು ನಿಮಿಷವೂ ಹೃದಯದ ಸ್ನಾಯುವಿನ ಲೆಕ್ಕ. ಅಲ್ಲಿ ಕುಟುಂಬದವರು ಅನುಮಾನಿಸುತ್ತ ನಿಂತರೆ ನಷ್ಟ ರೋಗಿಗೇ. ಆದರೆ ನಡೆದಾಗ ಮಾತ್ರ ಎದೆ ಬಿಗಿಯುವ, ತಿಂಗಳುಗಳಿಂದ ಒಂದೇ ಸ್ಥಿತಿಯಲ್ಲಿರುವ ರೋಗಿಯ ವಿಷಯ ಹಾಗಲ್ಲ. 5,179 ರೋಗಿಗಳ ಮೇಲೆ ಹಲವು ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನವು, ಇಂಥ ಸ್ಥಿರ ರೋಗಿಗಳಲ್ಲಿ ಮೊದಲಿಗೇ ಸ್ಟೆಂಟ್ ಅಥವಾ ಬೈಪಾಸ್ ಮಾಡುವುದರಿಂದ, ಔಷಧ ಚಿಕಿತ್ಸೆಯಿಂದ ಆರಂಭಿಸುವುದಕ್ಕಿಂತ ಸಾವು ಕಡಿಮೆಯಾಗುವುದಿಲ್ಲವೆಂದು ತೋರಿಸಿತು. ಎದೆನೋವು ಕಾಡುತ್ತಿದ್ದವರಿಗೆ ನೋವಿನ ಉಪಶಮನ ಮಾತ್ರ ಹೆಚ್ಚು ದೊರೆಯಿತು. ಆದ್ದರಿಂದ ಇಂಥವರಿಗೆ ಯೋಚಿಸಲು ಸಮಯವಿದೆ. ಪರೀಕ್ಷೆಗೆ ಮೊದಲೇ, ಅಡಚಣೆ ಕಂಡರೆ ಏನು ಮಾಡುವುದು ಎಂಬುದನ್ನು ರೋಗಿಯೊಂದಿಗೆ ಮಾತನಾಡಿ ಬರೆದಿಟ್ಟುಕೊಂಡರೆ, ಆಂಜಿಯೋಗ್ರಾಮ್ ಮಾಡುವ ಕ್ಯಾತ್ ಲ್ಯಾಬಿನ ಬಾಗಿಲಲ್ಲಿ ಪರದೆಯ ಮೇಲಿನ ಕಪ್ಪು ಬಿಳುಪು ಚಿತ್ರ ತೋರಿಸಿ ಐದು ನಿಮಿಷದಲ್ಲಿ ಹೌದೋ ಅಲ್ಲವೋ ಹೇಳಿ ಎಂದು ಕೇಳುವ ಪ್ರಸಂಗ ಬರುವುದಿಲ್ಲ. ಸ್ಟೆಂಟ್‌ಗಳ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಮಿತಿ ಹಾಕಿ, ಔಷಧ ಲೇಪಿತ ಸ್ಟೆಂಟಿಗೆ ತೆರಿಗೆ ಹೊರತುಪಡಿಸಿ 29,600 ರೂಪಾಯಿ ನಿಗದಿ ಮಾಡಿದಾಗ ಜನರಿಗೆ ದೊಡ್ಡ ಉಪಕಾರವಾಯಿತು. ಬೆಲೆಯ ವಿಷಯದಲ್ಲಿ ತೋರಿದ ಆ ದೃಢತೆಯನ್ನು ಮಾಹಿತಿಯ ವಿಷಯದಲ್ಲಿಯೂ ಸರ್ಕಾರ ತೋರಬೇಕು.

ತಿಳಿಸದಿರುವುದರಿಂದ ಬೇಡದ ಚಿಕಿತ್ಸೆ ನಡೆದುಹೋಗುವಂತೆಯೇ ಬೇಕಾದ ಪರೀಕ್ಷೆ ನಿಂತೂಹೋಗುತ್ತದೆ. ಜ್ವರದಲ್ಲಿ ಮಂಕಾಗಿ, ಕುತ್ತಿಗೆ ಬಿಗಿದುಕೊಂಡ ಮಗುವಿಗೆ ಮೆದುಳು ಪೊರೆಯ ಸೋಂಕು ಇದೆಯೇ ಎಂದು ತಿಳಿಯಲು ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಎಂಬ ಭಯದಿಂದ ಎಷ್ಟೋ ತಂದೆತಾಯಿಗಳು ಬೇಡವೆನ್ನುತ್ತಾರೆ. ಬೆನ್ನುಹುರಿ ದೊಡ್ಡವರಲ್ಲಿ ಸೊಂಟದ ಮೊದಲ ಕಶೇರುವಿನ ಮಟ್ಟದಲ್ಲಿ, ಎಳೆಯ ಮಕ್ಕಳಲ್ಲಿ ಅದಕ್ಕಿಂತ ಸ್ವಲ್ಪ ಕೆಳಗೆ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕೂ ಕೆಳಗೆ, ನರದ ಎಳೆಗಳು ದ್ರವದಲ್ಲಿ ತೇಲಾಡುವ ಜಾಗದಲ್ಲಿ. ತೆಗೆಯುವ ನೀರು ಕೆಲವೇ ಮಿಲಿಲೀಟರ್, ದೇಹ ಅದನ್ನು ಕೆಲವು ಗಂಟೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕೆಲವರಿಗೆ ಕೆಲವು ದಿನ ತಲೆನೋವು ಬರಬಹುದು. ಈ ಮಾತುಗಳನ್ನು ಒಂದು ಚಿತ್ರದೊಂದಿಗೆ ಅಚ್ಚು ಹಾಕಿಸಿ ತೋರಿಸಿದರೆ ಭಯ ಬಹುಮಟ್ಟಿಗೆ ಇಳಿಯುತ್ತದೆ. ಗಡ್ಡೆಗೆ ಸೂಜಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ನಂಬಿಕೆಯೂ ಇಂಥದೇ. ಸ್ತನದ ಗಂಟಿನಿಂದ ಬಯಾಪ್ಸಿ, ಅಂದರೆ ಪರೀಕ್ಷೆಗೆಂದು ಸಣ್ಣ ತುಣುಕು, ತೆಗೆಯುವುದರಿಂದ ರೋಗ ಹರಡಿ ಜೀವಕ್ಕೆ ಅಪಾಯವಾಗುವುದು ಅತಿ ವಿರಳ. ವೃಷಣದ ಗಡ್ಡೆಯಂಥ ಕೆಲವು ಕಡೆ ಮಾತ್ರ ವೈದ್ಯರೇ ಸೂಜಿ ಹಾಕುವುದಿಲ್ಲ. ಸೂಜಿಗೆ ಹೆದರಿ ನಾಟಿ ಔಷಧ ಹಚ್ಚುತ್ತ ಕಾಲ ಕಳೆದು, ಗಂಟು ಹುಣ್ಣಾಗಿ ಒಡೆದ ಮೇಲೆ ಬರುವ ತಾಯಂದಿರನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಮೊದಲೇ ಬಂದಿದ್ದರೆ ಅವರಲ್ಲಿ ಅನೇಕರು ಗುಣವಾಗುತ್ತಿದ್ದರು.

ಪರೀಕ್ಷೆಗೆ ಮುಂಚಿನ ಸೂಚನೆಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದರೆ ನಮ್ಮ ಜನ ತಿಂಡಿ ತಿನ್ನದೆ ಬರುತ್ತಾರೆ, ಆದರೆ ಒಂದು ಲೋಟ ಕಾಫಿ ಕುಡಿದಿರುತ್ತಾರೆ, ಏಕೆಂದರೆ ನಮ್ಮಲ್ಲಿ ಕಾಫಿಯನ್ನು ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಲು ಬೆರೆತ ಕಾಫಿ, ಚಹಾಗಳಿಗೆ ಅರಿವಳಿಕೆಯ ದೃಷ್ಟಿಯಲ್ಲಿ ಲಘು ಆಹಾರದಂತೆಯೇ ಆರು ಗಂಟೆಗಳ ಅಂತರ ಬೇಕು. ಬರಿಯ ನೀರಿಗೆ ಎರಡು ಗಂಟೆ ಸಾಕು. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ ಎಂಬ ಕಾರಣವನ್ನು ಹೇಳಿದರೆ ಯಾರೂ ಆ ಕಾಫಿ ಕುಡಿಯುವುದಿಲ್ಲ. ಎಂಆರ್‌ಐಗೆ ಬರುವವರು ಪೇಸ್‌ಮೇಕರ್ ಇದೆಯೇ, ಮೆದುಳಿನ ಆಪರೇಷನ್ನಿನಲ್ಲಿ ಕ್ಲಿಪ್ ಹಾಕಿದ್ದಾರೆಯೇ ಎಂದು ತಿಳಿಸಬೇಕು; ಬಣ್ಣದ ಔಷಧ ಹಾಕಿ ಸಿಟಿ ಸ್ಕ್ಯಾನ್ ಮಾಡುವ ಮೊದಲು ಮೂತ್ರಪಿಂಡದ ತೊಂದರೆಯನ್ನೂ ಹಿಂದೆ ಆದ ಅಲರ್ಜಿಯನ್ನೂ ಹೇಳಬೇಕು; ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ಕೈಯಲ್ಲಿ ರಕ್ತದೊತ್ತಡ ನೋಡಲು, ಡಯಾಲಿಸಿಸ್‌ಗಲ್ಲದೆ ಬೇರೆ ಕಾರಣಕ್ಕೆ ಸೂಜಿ ಚುಚ್ಚಲು ಯಾರಿಗೂ ಬಿಡಬಾರದು.

ಕಾನೂನಿಗೆ ಇದು ಹೊಸ ವಿಚಾರವಲ್ಲ. ಪ್ರಸವಪೂರ್ವ ಪತ್ತೆ ತಂತ್ರಗಳ ಬಗೆಗಿನ 1994ರ ಕಾಯ್ದೆಯು, ಅಂಥ ಪರೀಕ್ಷೆಗೆ ಮುನ್ನ ಗರ್ಭಿಣಿಗೆ ಅದರ ಪರಿಣಾಮಗಳನ್ನು ವಿವರಿಸಿ, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೇ ಕೊಡಬೇಕೆಂದು ವಿಧಿಸಿದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾನದಂಡಗಳೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕೆನ್ನುತ್ತವೆ. ಒಂದು ಬಗೆಯ ಪರೀಕ್ಷೆಗೆ ಮೂವತ್ತು ವರ್ಷಗಳ ಹಿಂದೆಯೇ ವಿಧಿಸಿದ್ದನ್ನು ಉಳಿದವುಗಳಿಗೆ ಏಕೆ ಅನ್ವಯಿಸಬಾರದು? ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕೆಂಬ ನಿಯಮವನ್ನು ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿಯೇ ಮಾಡಿದೆ ಎಂಬುದನ್ನೂ ಓದುಗರು ತಿಳಿದಿರುವುದು ಒಳ್ಳೆಯದು.

ವೈದ್ಯರಿಗೆ ಸಮಯವೆಲ್ಲಿದೆ ಎಂಬ ಆಕ್ಷೇಪ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊರರೋಗಿ ವಿಭಾಗದಲ್ಲಿ ನೂರಾರು ಜನರನ್ನು ನೋಡಿ ಓಟಿಗೆ ಓಡುವ ವೈದ್ಯರ ಜೊತೆಗೇ ನಾನು ಕೆಲಸ ಮಾಡಿದ್ದೇನೆ. ಆ ಕಾರಣಕ್ಕಾಗಿಯೇ ಅಚ್ಚಾದ ಹಾಳೆ ಬೇಕು. ಪದೇ ಪದೇ ಹೇಳುವ ಮಾತನ್ನು ಹಾಳೆ ಹೇಳಿದರೆ, ವೈದ್ಯರು ಆ ರೋಗಿಗಷ್ಟೇ ಸಂಬಂಧಿಸಿದ ಮಾತನ್ನು ಹೇಳಲು ಬಿಡುವಾಗುತ್ತಾರೆ. ಕನ್ನಡದಲ್ಲಿ ಪದಗಳಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ನನ್ನ ಉತ್ತರ ಚಿಕ್ಕದು: ಆಂಜಿಯೋಗ್ರಾಮ್, ಬಯಾಪ್ಸಿ, ಡಯಾಲಿಸಿಸ್‌ಗಳ ಹೆಸರುಗಳು ಹಾಗೆಯೇ ಇರಲಿ, ಏನು ಮಾಡುತ್ತಾರೆ ಎಂಬುದನ್ನು ಮನೆಮಾತಿನ ಕನ್ನಡದಲ್ಲಿ ಬರೆಯಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಯಾವ ಚಿಕಿತ್ಸೆಗೆ ಎಷ್ಟು ಹಣ ಎಂಬ ದೀರ್ಘ ಪಟ್ಟಿ ಸರ್ಕಾರದ ಬಳಿ ಈಗಾಗಲೇ ಇದೆ. ಆ ಪಟ್ಟಿಯಿಂದ ಅತಿ ಹೆಚ್ಚು ನಡೆಯುವ ಪರೀಕ್ಷೆ ಮತ್ತು ಶಸ್ತ್ರಚಿಕಿತ್ಸೆಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ಎರಡು ಪುಟ ಮೀರದ ಕನ್ನಡ ಮಾಹಿತಿ ಹಾಳೆಯನ್ನೂ ಒಪ್ಪಿಗೆ ಪತ್ರವನ್ನೂ ಆರೋಗ್ಯ ಇಲಾಖೆ ಸಿದ್ಧಪಡಿಸಲಿ. ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ನಂಥ ಸಂಸ್ಥೆಗಳ ತಜ್ಞರು ವಿಷಯ ಒದಗಿಸಲಿ, ವಾರ್ಡಿನಲ್ಲಿ ರೋಗಿಗಳ ಪ್ರಶ್ನೆಗಳನ್ನು ನಿತ್ಯ ಕೇಳುವ ಶುಶ್ರೂಷಾಧಿಕಾರಿಗಳೂ ಆ ಸಮಿತಿಯಲ್ಲಿರಲಿ. ಗಡಿ ಜಿಲ್ಲೆಗಳಲ್ಲಿ ಉರ್ದು, ತೆಲುಗು, ಮರಾಠಿ ಮಾತನಾಡುವ ರೋಗಿಗಳಿಗೂ ಅವರವರ ಭಾಷೆಯಲ್ಲಿ ಹಾಳೆ ಸಿಗಲಿ. ಓದು ಬಾರದವರಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರು ಓದಿ ಹೇಳಲಿ. ಯೋಜನೆಯಡಿ ಹಣ ಬಿಡುಗಡೆಗೆ ಸಲ್ಲಿಸುವ ಕಡತದಲ್ಲಿ ರೋಗಿಯೇ ಸಹಿ ಮಾಡಿದ ಕನ್ನಡ ಒಪ್ಪಿಗೆ ಪತ್ರದ ಪ್ರತಿ ಇರಲೇಬೇಕೆಂದು ವಿಧಿಸಿದರೆ ಖಾಸಗಿ ಆಸ್ಪತ್ರೆಗಳೂ ಪಾಲಿಸುತ್ತವೆ. ತುರ್ತಲ್ಲದ ಆಪರೇಷನ್‌ಗಳಲ್ಲಿ ಆ ಹಾಳೆ ಕನಿಷ್ಠ ಹಿಂದಿನ ದಿನವಾದರೂ ರೋಗಿಯ ಕೈಯಲ್ಲಿರಬೇಕು. ಅಚ್ಚಿಗೆ ಕಳುಹಿಸುವ ಮೊದಲು ಕರಡನ್ನು ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಕುಳಿತವರಿಗೆ ಓದಿ ಹೇಳಿ, ಅವರು ತಿಳಿದುಕೊಂಡದ್ದನ್ನು ಅವರ ಬಾಯಿಂದಲೇ ಕೇಳಿ, ಅರ್ಥವಾಗದ ಸಾಲುಗಳನ್ನು ತಿದ್ದಬೇಕೆಂದು ಇಲಾಖೆಯ ಅಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿ,
ಚಿತ್ರದುರ್ಗ ಜಿಲ್ಲೆ